ತಲೆ ಸುತ್ತಿ ಬಿದ್ದರೆ ಅದು ಶುಗರ್ರೋ, ಬೇರೇನೋ?

ತಲೆ ಸುತ್ತಿ ಬಿದ್ದವರನ್ನು ಎತ್ತಿಕೊಂಡು ಬಂದವರು ಕ್ಯಾಶುಯಾಲ್ಟಿ ಬಾಗಿಲಲ್ಲೇ ರೋಗ ಹೇಳಿಬಿಡುತ್ತಾರೆ. "ಶುಗರ್ ಲೋ ಆಗಿದೆ ಸಿಸ್ಟರ್" ಅನ್ನುವವರು ಕೆಲವರು, "ಪಿತ್ತ ಜಾಸ್ತಿಯಾಗಿದೆ" ಅನ್ನುವವರು ಇನ್ನು ಕೆಲವರು. ಮಂಡ್ಯ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿರುವ ನಾನು ತಿರುಗಿ ಕೇಳುವುದು ಒಂದೇ ಮಾತು: ಬಿದ್ದ ಹೊತ್ತಿನಲ್ಲಿ ಶುಗರ್ ಎಷ್ಟಿತ್ತು? ಹೆಚ್ಚಿನವರು ನೋಡಿರುವುದಿಲ್ಲ, ಗ್ಲೂಕೋಮೀಟರ್ ಬೀರುವಿನಲ್ಲೇ ಇದ್ದರೂ. ದಾರಿಯಲ್ಲಿ ಜ್ಯೂಸ್ ಕುಡಿಸಿಕೊಂಡು ಬಂದ ಮೇಲೆ ನಾನು ಬೆರಳು ಚುಚ್ಚಿದರೆ 140 ಬರುತ್ತದೆ. ಆ 140 ನೋಡಿ ಅರ್ಧ ಗಂಟೆ ಹಿಂದೆ ಏನಾಗಿತ್ತೆಂದು ಯಾರೂ ಹೇಳಲಾರರು. ಆದ್ದರಿಂದ ಇಲ್ಲಿ ಬರೆಯುವುದೆಲ್ಲ ಆ ಹೊತ್ತಿನ ನಂಬರ್ ಹಿಡಿಯುವುದು ಹೇಗೆ, ಹಿಡಿದ ಮೇಲೆ ಏನು ಮಾಡಬೇಕು ಎಂಬುದರ ಸುತ್ತಲೇ.

ಅದಕ್ಕೂ ಮೊದಲು, ಮನುಷ್ಯ ಎಚ್ಚರವಿದ್ದಾನಾ ನೋಡಿ. ಕೂಗಿದರೆ ಓಗೊಡದೆ ಬಿದ್ದಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ. ನೀರೂ ಬೇಡ, ಸಕ್ಕರೆಯೂ ಬೇಡ; ಶ್ವಾಸನಾಳಕ್ಕೆ ಹೋದರೆ ಜೀವಕ್ಕೇ ಅಪಾಯ. ಉಸಿರಾಡುತ್ತಿದ್ದಾರೆಂದು ಖಚಿತಪಡಿಸಿಕೊಂಡು ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, 108ಕ್ಕೆ ಫೋನ್ ಮಾಡಿ. ಕಾಯುವಾಗ ಬೆರಳು ಚುಚ್ಚಿ ಶುಗರ್ ನೋಡಿದರೆ ಬಹಳ ಒಳ್ಳೆಯದು. ಆಸ್ಪತ್ರೆಯಲ್ಲಿ ನಾವು ರಕ್ತನಾಳಕ್ಕೇ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ ಕೊಡುತ್ತೇವೆ. ಕಡಿಮೆಯಾದದ್ದು ಶುಗರ್ರೇ ಆಗಿದ್ದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಕಣ್ಣು ಬಿಡುತ್ತಾರೆ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ ಹಿಡಿಯುವುದು, ಸುತ್ತ ಹತ್ತು ಜನ ನಿಂತು ಗಾಳಿ ತಡೆಯುವುದು, ಇದರಲ್ಲಿ ಯಾವುದರಿಂದಲೂ ಶುಗರ್ ಏರುವುದಿಲ್ಲ.

ಎಚ್ಚರವಿದ್ದು, ನುಂಗಲು ಆಗುವಂತಿದ್ದರೆ ಕೈ ತೊಳೆದು ಒರೆಸಿ ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿ. ಕೈ ತೊಳೆಯುವುದು ಶಾಸ್ತ್ರಕ್ಕಲ್ಲ. ಮಾವಿನಹಣ್ಣು ಹೆಚ್ಚಿದ ಕೈಯಲ್ಲೇ ಪರೀಕ್ಷೆ ಮಾಡಿದರೆ ಬೆರಳಿಗಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರಿ ನಂಬರ್ ಸುಳ್ಳಾಗಿ ಏರುತ್ತದೆ. ಸ್ಟ್ರಿಪ್ ಡಬ್ಬದ ಮೇಲಿನ ಎಕ್ಸ್‌ಪೈರಿ ತಾರೀಖನ್ನೂ ನೋಡಿಟ್ಟುಕೊಂಡಿರಿ. ಸಕ್ಕರೆ ಕಾಯಿಲೆಯವರಲ್ಲಿ 70ಕ್ಕಿಂತ ಕೆಳಗೆ ಬಂದರೆ ಲೋ ಎಂದೇ ಲೆಕ್ಕ, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ಮೀಟರ್ ಇಲ್ಲ, ಆದರೆ ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಬೆವರುತ್ತಾ, ಕೈ ನಡುಗುತ್ತಾ, ತಡವರಿಸಿ ಮಾತಾಡುತ್ತಿದ್ದಾರೆ ಎಂದರೆ ನಂಬರಿಗಾಗಿ ಕಾಯಬೇಡಿ, ಸಕ್ಕರೆ ಕೊಟ್ಟುಬಿಡಿ. ಅಂದಾಜು ತಪ್ಪಾಗಿದ್ದರೂ ಮೂರು ಚಮಚ ಸಕ್ಕರೆಯಿಂದ ಆಗುವ ನಷ್ಟ ಸಣ್ಣದು.

ಕೊಡಬೇಕಾದ್ದು ಸುಮಾರು 15 ಗ್ರಾಂ. ಮೂರು ಟೀ ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ಅರ್ಧ ಲೋಟ ನೀರಿಗೆ ಕಲಸಿ ಕುಡಿಸಿ. ಜೇನಾದರೆ ಒಂದು ದೊಡ್ಡ ಚಮಚ, ಹಣ್ಣಿನ ರಸವಾದರೆ ಅರ್ಧ ಲೋಟ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ. ಇನ್ನೂ 70 ದಾಟಿಲ್ಲವೆಂದರೆ ಇನ್ನೊಮ್ಮೆ ಅಷ್ಟೇ ಕೊಡಿ. ಮೇಲೆ ಬಂತೆಂದು ಸುಮ್ಮನಾಗಬೇಡಿ, ಇಡ್ಲಿಯೋ ಮೊಸರನ್ನವೋ ತಿನ್ನಿಸಿ. ಚಾಕೊಲೇಟ್, ಬರ್ಫಿ, ಐಸ್‌ಕ್ರೀಂ ಕೊಡುವವರಿದ್ದಾರೆ. ಅದರ ಕೊಬ್ಬಿನಿಂದಾಗಿ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ, ಆ ಹೊತ್ತಿಗೆ ಅದು ಆಗಿಬರುವುದಿಲ್ಲ.

ಒಂದು ವಿಷಯ ಮಾತ್ರೆ ಕೊಡುವ ಅಂಗಡಿಯಲ್ಲೂ ಅಷ್ಟಾಗಿ ಹೇಳುವುದಿಲ್ಲ. ಮಾತ್ರೆಯ ಹಾಳೆಯ ಮೇಲೆ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಎಂದಿದ್ದರೆ ಅಡುಗೆಮನೆ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ. ಸಕ್ಕರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗಬೇಕು, ಆ ಒಡೆಯುವ ಕೆಲಸವನ್ನೇ ಈ ಮಾತ್ರೆ ತಡೆಯುತ್ತದೆ. ಅಂಥವರ ಮನೆಯಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. ಈ ಮಾತ್ರೆ ಎಷ್ಟೋ ಸಲ ಬೇರೆ ಮಾತ್ರೆಯೊಳಗೇ ಸೇರಿಕೊಂಡು ಬರುತ್ತದೆ, ಆದ್ದರಿಂದ ದೊಡ್ಡಕ್ಷರದ ಹೆಸರಿನ ಕೆಳಗಿನ ಸಣ್ಣಕ್ಷರ ಓದಿ.

ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಒಮ್ಮೆ ಏರಿದ ಮೇಲೆ ಮತ್ತೆ ಇಳಿಯಬಹುದು, ಒಂದು ದಿನ ಕಳೆದ ಮೇಲೂ. ಕಿಡ್ನಿ ಸೋತಿರುವ ವಯಸ್ಸಾದವರಲ್ಲಿ ಇದು ಇನ್ನೂ ಹೆಚ್ಚು. ಎಚ್ಚರ ಬಂದ ತಕ್ಷಣ "ಮನೆಗೆ ಕಳಿಸಿ ಸಿಸ್ಟರ್, ಹಸು ಕರೀಬೇಕು" ಎಂದು ಏಳುವವರನ್ನು ನಾವು ಹಾಸಿಗೆ ಬಿಟ್ಟು ಏಳಿಸದೆ ಇರುವುದು ಇದಕ್ಕೇ. ಬರೀ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಿಗೆ ಲೋ ಆಗುವುದು ಅಪರೂಪ. ಏಕಾದಶಿ, ರಂಜಾನ್ ಉಪವಾಸ ಮಾಡುವವರು ಮಾತ್ರೆ ಹೇಗೆ ಬದಲಿಸಬೇಕೆಂದು ಹಿಂದಿನ ವಾರವೇ ಡಾಕ್ಟರನ್ನು ಕೇಳಿಕೊಳ್ಳಿ. ಖಾಲಿ ಹೊಟ್ಟೆಯಲ್ಲಿ ಕುಡಿಯುವವರಿಗೆ ಶುಗರ್ ಕಾಯಿಲೆ ಇಲ್ಲದಿದ್ದರೂ ಇಳಿಯಬಹುದು, ಏಕೆಂದರೆ ಲಿವರ್ ಹೊಸ ಗ್ಲೂಕೋಸ್ ತಯಾರಿಸುವುದನ್ನು ಮದ್ಯ ತಡೆಯುತ್ತದೆ. ಅಂಥವರನ್ನು "ನಿಶೆ ಇಳೀಲಿ" ಎಂದು ಜಗಲಿ ಮೇಲೆ ಮಲಗಿಸಿ ಹೋಗುವುದು ಬಹಳ ಕೆಟ್ಟ ರೂಢಿ.

ಇನ್ನು ನಮ್ಮ ಅತ್ತೆಯ ವಿಷಯ. ಅವರಿಗೆ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಣ್ಣು ಕತ್ತಲೆ ಬಂದು ಮೈಯೆಲ್ಲ ಬೆವರುತ್ತಿತ್ತು. ಒಮ್ಮೊಮ್ಮೆ ಬೆಳಗಿನ ಜಾವ ಬಚ್ಚಲ ಬಾಗಿಲಲ್ಲೂ ಕುಸಿಯುತ್ತಿದ್ದರು. ಕೇಳಿದರೆ, "ನಂಗೆ ಪಿತ್ತ ಕಣವ್ವ, ಒಂದ್ ಲೋಟ ನಿಂಬೆ ಪಾನ್ಕ ಮಾಡ್ಕೊಡು, ಸರೋಯ್ತದೆ." ಸರಿಹೋಗುತ್ತಿತ್ತು ಕೂಡ! ಪಾನಕದಲ್ಲಿ ಸಕ್ಕರೆ ಇದ್ದ ಮೇಲೆ ಹೋಗದೆ ಇರುತ್ತದೆಯೇ? ಪಿತ್ತದ ಮೇಲಿನ ನಂಬಿಕೆ ಗಟ್ಟಿಯಾಗುತ್ತಾ ಹೋದದ್ದೇ ಹಾಗೆ.

ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನ ಚೌಕದಲ್ಲೇ ಬರೆಯತೊಡಗಿದೆ: ಎಷ್ಟು ಗಂಟೆ, ಶುಗರ್ ಎಷ್ಟು, ಕೊನೆಗೆ ತಿಂದದ್ದು ಯಾವಾಗ, ಮಾತ್ರೆ ಯಾವಾಗ, ನಿಂತಿದ್ದರೋ ಕೂತಿದ್ದರೋ, ಏನು ಕೊಟ್ಟ ಮೇಲೆ ಸರಿಹೋಯಿತು. ಹನ್ನೊಂದರದ್ದು 58. ಏಳಕ್ಕೆ ಕಾಫಿ ಜೊತೆ ಗ್ಲಿಮೆಪಿರೈಡ್ ನುಂಗಿ, ಪೂಜೆ ಮುಗಿಸಿ ತಿಂಡಿಗೆ ಕೂರುವಷ್ಟರಲ್ಲಿ ಮಾತ್ರೆ ತನ್ನ ಕೆಲಸ ಮಾಡಿರುತ್ತಿತ್ತು. ಬಚ್ಚಲ ಬಾಗಿಲಲ್ಲಿ ಬಿದ್ದಾಗ ನೋಡಿದರೆ 126. ಅಲ್ಲಿ ಶುಗರಿನ ಕೈವಾಡವೇ ಇಲ್ಲ! ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಲ್ಲಿಸಿ ಒಂದನೇ ನಿಮಿಷ, ಮೂರನೇ ನಿಮಿಷ ಮತ್ತೆ ನೋಡಿದೆ. ಮಲಗಿದ್ದಾಗ ಮೇಲಿನ ನಂಬರ್ 138, ನಿಂತಾಗ 108. ನಿಂತ ಮೂರು ನಿಮಿಷದೊಳಗೆ ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬಿಪಿ ಬೀಳುತ್ತಿದೆ ಎಂದರ್ಥ. ಡಾಕ್ಟರು ಶುಗರ್ ಮಾತ್ರೆಯ ಡೋಸ್ ಇಳಿಸಿ ತಿಂಡಿಯ ಜೊತೆಗೇ ತೆಗೆದುಕೊಳ್ಳಲು ಹೇಳಿದರು, ಬಿಪಿ ಮಾತ್ರೆಯನ್ನು ಬದಲಿಸಿದರು. ಮನೆಯಲ್ಲಿ ಎರಡಕ್ಕೂ ಇದ್ದ ಹೆಸರು ಮಾತ್ರ ಒಂದೇ.

ಮೀಟರ್ ಹಿಡಿಯುವ ಮೊದಲೂ ಒಂದು ಅಂದಾಜು ಸಿಗುತ್ತದೆ. ಶುಗರ್ ಇಳಿಯುವುದು ನಿಧಾನ: ಹಸಿವು, ನಡುಕ, ಬೆವರು, ಸಿಡುಕು, ಆಮೇಲೆ ಗೊಂದಲ. ಅದರಿಂದ ಜ್ಞಾನ ತಪ್ಪಿದವರು ಸಾಮಾನ್ಯವಾಗಿ ಒಂದು ನಿಮಿಷದಲ್ಲಿ ತಾವಾಗಿಯೇ ಎದ್ದು ಕೂರುವುದಿಲ್ಲ. ಮದುವೆ ಮನೆಯ ಸೆಕೆಯಲ್ಲಿ ನಿಂತು ನಿಂತು ಬಿದ್ದವರು, ರಕ್ತ ನೋಡಿ ಬಿದ್ದವರು ಅಂಗಾತ ಮಲಗಿಸಿ ಕಾಲು ಎತ್ತಿ ಹಿಡಿದರೆ ಬೇಗ ಏಳುತ್ತಾರೆ. ನಾಲಿಗೆಯ ಪಕ್ಕ ಕಚ್ಚಿಕೊಂಡು, ಎದ್ದ ಮೇಲೂ ಬಹಳ ಹೊತ್ತು ಮಂಕಾಗಿದ್ದರೆ ಫಿಟ್ಸ್ ಇರಬಹುದು. ಅಟೆನೊಲಾಲ್, ಪ್ರೊಪ್ರನೊಲಾಲ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿದರೂ ಎದೆಬಡಿತ, ನಡುಕ ಗೊತ್ತಾಗದೆ ಹೋಗಬಹುದು. ಬೆವರು ಮಾತ್ರ ಸುಳಿವು ಕೊಡುತ್ತದೆ.

ಕೆಲವರನ್ನು ಮನೆಯಲ್ಲಿಟ್ಟುಕೊಂಡು ಕ್ಯಾಲೆಂಡರ್ ಬರೆಯುತ್ತಾ ಕೂರಬೇಡಿ. ಓಡುವಾಗ, ಭಾರ ಹೊರುವಾಗ ಬಿದ್ದವರು, ಮಲಗಿದ್ದಲ್ಲೇ ಜ್ಞಾನ ತಪ್ಪಿದವರು, ಬೀಳುವ ಮುಂಚೆ ಎದೆ ದಡದಡ ಹೊಡೆದುಕೊಂಡವರು, ವಂಶದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿರುವ ಮನೆಯವರು, ಇವರಿಗೆ ಅದೇ ದಿನ ಇಸಿಜಿ ಆಗಬೇಕು.

ಶುಗರ್ ಕಾಯಿಲೆಯೇ ಇಲ್ಲದವರು "ಲೋ ಶುಗರ್" ಎಂದು ತಾವೇ ತೀರ್ಮಾನಿಸಿಕೊಂಡಿದ್ದರೆ ಡಾಕ್ಟರು ಮೂರು ಪ್ರಶ್ನೆ ಕೇಳುತ್ತಾರೆ. ಲಕ್ಷಣ ಇತ್ತೇ? ಅದೇ ಹೊತ್ತಿಗೆ ರಕ್ತದಲ್ಲಿ ಗ್ಲೂಕೋಸ್ ಕಡಿಮೆ ಇತ್ತೇ? ಗ್ಲೂಕೋಸ್ ಕೊಟ್ಟಾಗ ಲಕ್ಷಣ ಹೋಯಿತೇ? ಅಮೆರಿಕದ ಸರ್ಜನ್ ಆಲನ್ ವಿಪಲ್ 1930ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಇದು, ಇಂದಿಗೂ ನಡೆಯುತ್ತಿದೆ. ಮೂರಕ್ಕೂ ಹೌದು ಎಂದಾದರೆ ಮುಂದಿನ ಹುಡುಕಾಟ ಆಸ್ಪತ್ರೆಯಲ್ಲೇ. ಇನ್ಸುಲಿನ್ ಸುರಿಸುವ ಅಪರೂಪದ ಗಡ್ಡೆ ಇದೆಯೇ ಎಂದು 72 ಗಂಟೆಯವರೆಗೆ ಉಪವಾಸವಿಟ್ಟು ನೋಡುವ ಪರೀಕ್ಷೆಯೂ ಅದರಲ್ಲೊಂದು. ಅದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಲ್ಯಾಬಿಗೆ ರಕ್ತ ಕೊಡುವಾಗ ಗ್ಲೂಕೋಸಿಗೆ ಫ್ಲೋರೈಡ್ ಇರುವ ಬೂದು ಮುಚ್ಚಳದ ಟ್ಯೂಬ್ ಬಳಸಿದ್ದಾರೆಯೇ ಎಂದು ಕೇಳಿ. ಮಾಮೂಲಿ ಟ್ಯೂಬಿನಲ್ಲಿ ರಕ್ತ ಗಂಟೆಗಟ್ಟಲೆ ಕೂತರೆ ರಕ್ತಕಣಗಳೇ ಗ್ಲೂಕೋಸ್ ತಿಂದು, ಇಲ್ಲದ ಲೋ ಶುಗರ್ ರಿಪೋರ್ಟಿನಲ್ಲಿ ಕಾಣಿಸಿಕೊಳ್ಳುತ್ತದೆ.

ಡಾಕ್ಟರ ಬಳಿ ಹೋಗುವಾಗ ಮನೆಯಲ್ಲಿರುವ ಎಲ್ಲರ ಮಾತ್ರೆಯನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ರೋಗಿಯದ್ದಷ್ಟೇ ಅಲ್ಲ. ಗಂಡನ ಶುಗರ್ ಮಾತ್ರೆಯನ್ನು ಹೆಂಡತಿ ಬಿಪಿ ಮಾತ್ರೆಯೆಂದು ನುಂಗುವುದು ಒಂದೇ ಡಬ್ಬದಲ್ಲಿ ಇಬ್ಬರದ್ದೂ ಇಡುವ ಮನೆಗಳಲ್ಲಿ ಆಗುವಂಥದ್ದೇ. ಶುಗರಿಗೆಂದು ಯಾರೋ ಪೊಟ್ಟಣ ಕಟ್ಟಿಕೊಟ್ಟ ನಾಟಿ ಪುಡಿಯನ್ನೂ ಮರೆಯದೆ ಒಯ್ಯಿರಿ. ಬರೀ ಗಿಡಮೂಲಿಕೆ ಎಂದು ಮಾರುವ ಇಂಥ ಪುಡಿಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಪತ್ತೆಯಾದ ಉದಾಹರಣೆಗಳಿವೆ.