ಬೈಕಿನ ಹಿಂದಿನ ಶಾಕ್ ಬದಲಿಸುತ್ತೀರಾ? ಮೊದಲು ಟೇಪ್ ಹಿಡಿಯಿರಿ

ಸಾವಿರಾರು ರೂಪಾಯಿ ಕೊಟ್ಟು ಹೊಸ ಶಾಕ್ ಅಬ್ಸಾರ್ಬರ್ ಹಾಕಿಸಿದವರು ವಾರದೊಳಗೇ ‘ಮೊದಲಿಗಿಂತ ಜಾಸ್ತಿ ಎತ್ತಿ ಹಾಕುತ್ತೆ’ ಎಂದು ಬೇಸರಪಡುವುದನ್ನು ಕೇಳುತ್ತಲೇ ಇರುತ್ತೇನೆ. ಹೆಚ್ಚಿನ ಸಲ ತಪ್ಪು ಶಾಕ್‌ನದಲ್ಲ. ಡಬ್ಬದಿಂದ ತೆಗೆದು ಹಾಗೇ ಬಿಗಿದಿರುತ್ತಾರೆ, ಸವಾರನ ತೂಕಕ್ಕೆ ಹೊಂದಿಸಿರುವುದಿಲ್ಲ. ಬುಲೆಟ್, ಇಂಟರ್‌ಸೆಪ್ಟರ್, ಸ್ಪ್ಲೆಂಡರ್‌ಗಳಂತೆ ಹಿಂದೆ ಎರಡು ಶಾಕ್ ಇರುವ ಬೈಕ್‌ಗಳ ಲೆಕ್ಕದಲ್ಲಿ ಇಲ್ಲಿ ಹೇಳುತ್ತೇನೆ. ಮೊನೊಶಾಕ್ (ಹಿಂದೆ ಒಂದೇ ಶಾಕ್) ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಹೊಂದಿಸುವ ವಿಧಾನ ಎರಡಕ್ಕೂ ಒಂದೇ.

ಕೊಳ್ಳುವಾಗ: ಮೇಲಿನ ಕಣ್ಣಿನ (ಬೋಲ್ಟ್ ತೂರುವ ತೂತಿನ) ನಡುವಿನಿಂದ ಕೆಳಗಿನ ಕಣ್ಣಿನ ನಡುವಿನವರೆಗೆ ಹಳೆಯ ಶಾಕ್ ಅಳೆಯಿರಿ. ಹೊಸದೂ ಅಷ್ಟೇ ಉದ್ದ ಇರಲಿ. ಉದ್ದ ಜಾಸ್ತಿಯಾದರೆ ಬೈಕಿನ ಹಿಂಭಾಗ ಏಳುತ್ತದೆ, ಸೈಡ್ ಸ್ಟ್ಯಾಂಡ್ ಹಾಕಿದಾಗ ಬೈಕ್ ಹೆಚ್ಚು ವಾಲುತ್ತದೆ, ಚೈನು, ಹಿಂದಿನ ಚಕ್ರ ಹಿಡಿದಿರುವ ತೋಳಿಗೆ (ಸ್ವಿಂಗ್ ಆರ್ಮ್) ಉಜ್ಜಬಹುದು. ಕಣ್ಣಿನೊಳಗಿನ ಬುಷ್‌ನ ಒಳ ಅಳತೆಯನ್ನೂ ನೋಡಿ. ಅಂಗಡಿಯಲ್ಲಿ ನಿಮ್ಮ ತೂಕ ಎಷ್ಟು, ಹಿಂದೆ ಯಾರಾದರೂ ಕೂರುತ್ತಾರಾ ಎಂದು ಕೇಳದೆ ಶಾಕ್ ಕೊಟ್ಟರೆ ಬೇರೆ ಅಂಗಡಿಗೆ ಹೋಗಿ. ಸ್ಪ್ರಿಂಗ್ ಆರಿಸುವುದೇ ಆ ತೂಕದ ಮೇಲೆ.

ಚಿನ್ನದ ಬಣ್ಣದ ಗ್ಯಾಸ್ ಡಬ್ಬಿ ಅಂಟಿಸಿದ ಅಗ್ಗದ ಶಾಕ್‌ಗಳನ್ನು ಮುಟ್ಟಲೇಬೇಡಿ. ಎಷ್ಟೋ ಡಬ್ಬಿಗಳ ಒಳಗೆ ಏನೂ ಇರುವುದಿಲ್ಲ, ಅವು ಬರೀ ಅಲಂಕಾರ. ಸ್ಪ್ರಿಂಗ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್ ಕೂಡ ಬೇಡ. ಒಂದೆರಡು ಸುರುಳಿ ಕೆಲಸ ನಿಲ್ಲಿಸಿ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅಷ್ಟೇ, ಒಳಗಿನ ಡ್ಯಾಂಪಿಂಗ್ (ಪುಟಿತವನ್ನು ತಡೆಯುವ ಶಕ್ತಿ) ಹಾಗೇ ಉಳಿಯುತ್ತದೆ. ಗುಂಡಿ ದಾಟಿದ ಮೇಲೆ ಬೈಕ್ ಪುಟಿಯುವುದು ಅದಕ್ಕೇ.

ಬದಲಿಸುವುದು: ಡಬಲ್ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರದ ಕೆಳಗೆ ಹಲಗೆ ಕೊಡಿ. ವಾಷರ್‌ಗಳು ಯಾವ ಕ್ರಮದಲ್ಲಿವೆ ಎಂದು ಫೋಟೊ ತೆಗೆದುಕೊಳ್ಳಿ. ಒಂದು ಬದಿ ಬಿಚ್ಚಿ, ಹೊಸದು ಹಾಕಿ, ಆಮೇಲೆ ಇನ್ನೊಂದು. ಎರಡನ್ನೂ ಒಟ್ಟಿಗೆ ಬಿಚ್ಚಿದರೆ ಸ್ವಿಂಗ್ ಆರ್ಮ್ ಕೆಳಗೆ ಬೀಳುತ್ತದೆ. ಬೋಲ್ಟ್ ತೂರದಿದ್ದರೆ ಸುತ್ತಿಗೆ ಬೇಡ, ಚಕ್ರ ಸ್ವಲ್ಪ ಎತ್ತಿ. ಕೊನೆಯ ಬಿಗಿತ ಚಕ್ರ ನೆಲಕ್ಕೆ ಕೂತ ಮೇಲೆ, ಟಾರ್ಕ್ ರೆಂಚ್‌ನಿಂದ, ಸರ್ವಿಸ್ ಮ್ಯಾನುಯಲ್ ಹೇಳುವಷ್ಟೇ.

ತೂಕಕ್ಕೆ ಹೊಂದಿಸುವುದು: ಎಲ್ಲರೂ ಎಡವುವುದು ಇಲ್ಲೇ. ಬೈಕಿನ ಭಾರ ಮತ್ತು ನಿಮ್ಮ ಭಾರಕ್ಕೆ ಹಿಂಭಾಗ ಎಷ್ಟು ಕುಸಿಯುತ್ತದೆ ಎನ್ನುವುದನ್ನು ‘ಸ್ಯಾಗ್’ ಎನ್ನುತ್ತಾರೆ. ಅಳೆಯಲು ಜೊತೆಗೆ ಇಬ್ಬರಿರಲಿ.

ಚಕ್ರ ಗಾಳಿಯಲ್ಲಿರುವಾಗ ಹಿಂದಿನ ಆಕ್ಸಲ್‌ನ ನಡುವಿನಿಂದ ನೇರ ಮೇಲಕ್ಕೆ, ಸೀಟಿನ ಕೆಳಗೆ ಒಂದು ಟೇಪ್ ತುಂಡು ಅಂಟಿಸಿ ಅಲ್ಲಿವರೆಗೆ ಅಳೆಯಿರಿ. 560 ಮಿ.ಮೀ. ಬಂತು ಎಂದುಕೊಳ್ಳೋಣ. ಈಗ ಸ್ಟ್ಯಾಂಡ್ ತೆಗೆದು, ಹೆಲ್ಮೆಟ್, ಜಾಕೆಟ್ ಸಮೇತ ಕುಳಿತು, ಎರಡೂ ಕಾಲು ಫುಟ್‌ರೆಸ್ಟ್ ಮೇಲಿಡಿ. ಒಬ್ಬರು ಮುಂದೆ ಹ್ಯಾಂಡಲ್ ಹಿಡಿದಿರಲಿ. ಇನ್ನೊಬ್ಬರು ಹಿಂಭಾಗವನ್ನು ಒತ್ತಿ, ನಿಧಾನವಾಗಿ ಬಿಟ್ಟು ಅಳೆಯಲಿ. ಆಮೇಲೆ ಸ್ವಲ್ಪ ಎತ್ತಿ, ನಿಧಾನವಾಗಿ ಬಿಟ್ಟು ಮತ್ತೆ ಅಳೆಯಲಿ. ಸೀಲ್‌ಗಳ ಬಿಗಿಯಿಂದ ಎರಡರಲ್ಲೂ ಕೆಲವು ಮಿ.ಮೀ. ವ್ಯತ್ಯಾಸ ಬರುತ್ತದೆ, ಸರಾಸರಿ ತೆಗೆದುಕೊಳ್ಳಿ. 534 ಬಂದರೆ ಸ್ಯಾಗ್ 26 ಮಿ.ಮೀ.

ಹಿಂದಿನ ಚಕ್ರ ಮೇಲೆ-ಕೆಳಗೆ ಆಡುವ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗ ಹೀಗೆ ಕುಸಿಯಬೇಕು. ಇಂಟರ್‌ಸೆಪ್ಟರ್ 650ರಲ್ಲಿ ಆ ಚಲನೆ 88 ಮಿ.ಮೀ., ಹಾಗಾಗಿ 26 ಚೆನ್ನಾಗಿದೆ. ಜಾಸ್ತಿ ಕುಸಿದರೆ ಸಿ-ಸ್ಪ್ಯಾನರ್‌ನಿಂದ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಅದುಮಿಟ್ಟ ಮಟ್ಟ) ಏರಿಸಿ, ಕಮ್ಮಿಯಾದರೆ ಇಳಿಸಿ. ಎರಡೂ ಬದಿ ಒಂದೇ ಮೆಟ್ಟಿಲಲ್ಲಿರಲಿ. ಮೆಟ್ಟಿಲಿನ ಬದಲು ಮರೆ (ಸ್ಕ್ರೂವಿನಂಥ ತಿರುಪು) ಇರುವ ಶಾಕ್ ಆದರೆ ಮೊದಲು ಮರೆಯ ಮಣ್ಣನ್ನು ಬ್ರಷ್‌ನಿಂದ ತೆಗೆಯಿರಿ. ಕಲ್ಲಿನ ಪುಡಿ ಸಿಕ್ಕಿಕೊಂಡರೆ ಅಲ್ಯುಮಿನಿಯಂ ಮರೆ ಕಿತ್ತುಬರುತ್ತದೆ.

ಪ್ರೀಲೋಡ್ ಏರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ, ಬೈಕ್ ಎತ್ತರಕ್ಕೆ ಏಳುತ್ತದೆ ಅಷ್ಟೇ. ಇದನ್ನು ಎಷ್ಟು ಸಲ ಹೇಳಿದರೂ ಕಮ್ಮಿಯೇ. ಸ್ಪ್ರಿಂಗ್ ನಿಮಗೆ ಸರಿಯಾ ಎಂದು ತಿಳಿಯಲು, ನೀವು ಇಳಿದ ಮೇಲೆ ಖಾಲಿ ಬೈಕಿನ ಸ್ಯಾಗ್ ಅಳೆಯಿರಿ. ಐದರಿಂದ ಹತ್ತು ಮಿ.ಮೀ. ಇದ್ದರೆ ಸರಿ. ಕೂತಾಗ ಸ್ಯಾಗ್ ಸರಿಯಿದ್ದೂ ಖಾಲಿ ಬೈಕ್ ಚೂರೂ ಕುಸಿಯದಿದ್ದರೆ ಸ್ಪ್ರಿಂಗ್ ನಿಮಗೆ ಮೆತ್ತಗಾಯಿತು. ಖಾಲಿ ಇದ್ದಾಗಲೇ ತೀರಾ ಕುಸಿದರೆ ಗಟ್ಟಿಯಾಯಿತು. ಎರಡಕ್ಕೂ ಮದ್ದು ಬೇರೆ ಸ್ಪ್ರಿಂಗ್, ಸ್ಪ್ಯಾನರ್ ಅಲ್ಲ.

ರಿಬೌಂಡ್: ಒತ್ತಿದ ಶಾಕ್ ಎಷ್ಟು ಬೇಗ ಮೇಲೆ ಬರಬೇಕು ಎಂದು ಹೊಂದಿಸುವ ಸ್ಕ್ರೂ ಇದ್ದರೆ ಕಂಪನಿ ಹೇಳಿದ ಕ್ಲಿಕ್‌ನಿಂದ ಶುರುಮಾಡಿ. ಸೀಟ್ ಒತ್ತಿ ಬಿಟ್ಟಾಗ ಹಿಂಭಾಗ ಒಂದೇ ಸಲಕ್ಕೆ ಮೇಲೆ ಬಂದು ನಿಲ್ಲಬೇಕು. ಪುಟಿದರೆ ಎರಡು ಕ್ಲಿಕ್ ಬಿಗಿ ಮಾಡಿ. ಸಾಲು ಹಂಪ್‌ಗಳ ಮೇಲೆ ಹಿಂಭಾಗ ಕೆಳಗೇ ಕೂತು, ಒಂದೊಂದು ಹಂಪ್‌ಗೂ ಪೆಟ್ಟು ಗಟ್ಟಿಯಾಗುತ್ತಾ ಹೋದರೆ ಎರಡು ಕ್ಲಿಕ್ ಸಡಿಲಿಸಿ. ಪರೀಕ್ಷೆ ಯಾವಾಗಲೂ ಅದೇ ರಸ್ತೆಯಲ್ಲಿ, ಅದೇ ಟೈರ್ ಗಾಳಿಯಲ್ಲಿ ನಡೆಯಲಿ. ಬದಲಾವಣೆ ಒಂದು ಸಲಕ್ಕೆ ಒಂದೇ.

ಎಲ್ಲ ಮುಗಿದ ಮೇಲೆ ಚೈನ್ ಸಡಿಲ ನೋಡಿ. ನೂರಿನ್ನೂರು ಕಿ.ಮೀ. ಓಡಿಸಿ ನಾಲ್ಕೂ ಬೋಲ್ಟ್ ಮತ್ತೊಮ್ಮೆ ಪರೀಕ್ಷಿಸಿ. ಹಳೆಯ ಶಾಕ್‌ಗಳನ್ನು ಗುಜರಿಗೆ ಹಾಕಬೇಡಿ. ಹೊಸದನ್ನು ಸರ್ವಿಸ್‌ಗೆ ಬಿಚ್ಚಿ ಕಳಿಸಿದಾಗ ಬೈಕ್ ಓಡಿಸಲು ಅವೇ ಬೇಕು.