ಕಬೂತರ ಸಾಕಿದ ಕಾಕಾ, ನಾ ತಡಾ ಮಾಡಿ ಕೇಳಿದ ಪ್ರಶ್ನೆ

ನಾನು ಕಲಬುರಗಿಯೊಳಗ ಎದಿ ರೋಗದ ಡಾಕ್ಟರ್. ನಮ್ಮ ಓಪಿಡಿಗೆ ಬರೋ ಮಂದಿ ಅಂದ್ರ ದಾಲ್ ಮಿಲ್ಲಿನ ಹಮಾಲ್ರು, ಶಹಾಬಾದ್ ಕಡಿ ಕಲ್ಲ ಪಾಲಿಷ್ ಮಾಡೋರು, ಹತ್ತಿ ಬಿಡಿಸೋ ಹೆಣ್ಮಕ್ಕಳು, ಎಲ್ಲಾರೂ ಧೂಳಿನಾಗೇ ದುಡಿಯೋರು. ಮೊದಲೆಲ್ಲಾ ಯಾರ ಎದಿ ಕೆಟ್ಟಿದ್ರೂ ನನ್ನ ತಲಿಯೊಳಗ ಒಂದೇ ಪ್ರಶ್ನೆ ಇರ್ತಿತ್ತು, ಯಾವ ಕ್ರಿಮಿ ಹೊಕ್ಕದ ಅಂತ. ಅದು ಅರ್ಧಾ ಪ್ರಶ್ನೆ ಅಂತ ನಂಗ ಕಲಿಸಿದ್ದು ಒಬ್ಬ ಕಾಕಾ.

ವಯಸ್ಸು ಅರವತ್ತರ ಹತ್ರ. ಒಣ ಕೆಮ್ಮು, ಮೆಟ್ಲ ಹತ್ತಿದ್ರ ದಮ್ಮು, ಸಂಜಿಗಿ ಸಣ್ಣ ಜ್ವರ, ತೂಕಾನೂ ಇಳದಿತ್ತು. ನಮ್ಮ ಕಡಿ ಇಷ್ಟ ಹೇಳಿದ್ರ ಯಾರಿಗಾದ್ರೂ ಟಿಬಿನೇ ನೆನಪಾಗತದ. ಕಫ ಟೆಸ್ಟ್ ಮಾಡ್ಸಿದೆ, ಟಿಬಿ ಇಲ್ಲ. ನ್ಯೂಮೋನಿಯಾ ಇರ್ಬೇಕು ಅಂತ ಅಡ್ಮಿಟ್ ಮಾಡಿ ಆಂಟಿಬಯಾಟಿಕ್ ಕೊಟ್ಟೆ, ಐದಾರು ದಿನದಾಗ ಆರಾಮಾಗಿ ಮನಿಗಿ ಹೋದ್ರು, ಮೂರು ವಾರಕ್ಕ ಮತ್ತ ಬಂದ್ರು, ಮತ್ತ ಅಡ್ಮಿಟ್, ಮತ್ತ ಆರಾಮ, ಮತ್ತ ವಾಪಸ್. ಮೂರನೇ ಸಲ ಅವರ ಹೆಂಡ್ತಿನೇ ಅಂದ್ರು, "ಸಾಹೇಬ್ರ, ದವಾಖಾನ್ಯಾಗ ಇದ್ರ ಛಲೋ ಇರ್ತಾರ್ರಿ, ಮನಿಗಿ ಬಂದ್ರ ಮತ್ತ ಅದೇ."

ಅವಾಗ ಹೊಳೀತು, ಆರಾಮ ಮಾಡಿದ್ದು ನನ್ನ ಔಷಧಿ ಅಲ್ಲ, ಮನಿ ಬಿಟ್ಟಿದ್ದು. ಮನ್ಯಾಗ ಏನದ ಅಂತ ಕೇಳ್ದೆ. "ಏನಿಲ್ರಿ, ಮಾಳಗಿ ಮ್ಯಾಲ ಕಬೂತರ ಅದಾವ, ಒಂದ ನಲವತ್ತು." ಈ ಪ್ರಶ್ನೆ ಮೊದಲನೇ ದಿನಾನೇ ಕೇಳಬೇಕಿತ್ತು, ಕೇಳಿರ್ಲಿಲ್ಲ, ಅದು ಇವತ್ತಿಗೂ ಮನಸ್ಸಿಗಿ ಕೊರೀತದ.

ಸಿಟಿ ಸ್ಕ್ಯಾನಿನೊಳಗ ಎರಡೂ ಕಡಿ ಮಂಜ ಕವಿದಂಗ ಮಬ್ಬು. ಬ್ರಾಂಕೋಸ್ಕೋಪ್ ಅನ್ನೋ ಕ್ಯಾಮೆರಾ ನಳಿಗಿ ಶ್ವಾಸನಾಳದಾಗ ಹಾಕಿ ಸಲೈನ್ ಬಿಟ್ಟು ಒಳಗ ತೊಳ್ದು ತೆಗೆದ ನೀರಿನಾಗ ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣಾನೇ ಹೆಚ್ಚು. ಬೀಡಿ ಸಿಗರೇಟ್ ಸೇದದ ಆರೋಗ್ಯವಂತ ಮನುಷ್ಯಾಂದು ತೊಳ್ದ್ರ ಅದರಾಗ ಬಹುತೇಕ ಮ್ಯಾಕ್ರೋಫೇಜೇ, ಅಂದ್ರ ಕಸ ನುಂಗೋ ಕೋಶಾನೇ ಇರ್ತಾವ, ಇಲ್ಲಿ ಲೆಕ್ಕ ಉಲ್ಟಾ ಆಗಿತ್ತು. ಹೈಪರ್‌ಸೆನ್ಸಿಟಿವಿಟಿ ನ್ಯೂಮೋನೈಟಿಸ್, ಅಂದ್ರ ಕ್ರಿಮಿಯಿಂದಲ್ಲ, ಉಸುರಿನಾಗ ಹೋದ ಧೂಳಿನ ಮ್ಯಾಲ ಮೈಯ ರಕ್ಷಣಾ ಪಡೆನೇ ಸಿಟ್ಟಾಗಿ ಶ್ವಾಸಕೋಶಕ್ಕ ಬಾವು ತರೋ ರೋಗ, ಅದರಾಗ ಪಕ್ಷಿ ಸಾಕೋರಿಗೆ ಬರೋ ನಮೂನಿ.

ಕಾಕಾ ನಂಬಲಿಲ್ಲ. "ಅದೇ ಧೂಳ ನನ್ನ ಮಗಾನೂ ಕುಡೀತಾನ್ರಿ, ದಿನಾ ಕಾಳ ಹಾಕಂವ ಅವನೇ, ಅಂವಗ ಯಾಕ ಏನೂ ಆಗಿಲ್ಲ?" ಖರೇ ಹೇಳ್ತೀನಿ, ಇಷ್ಟ ಚಂದ ಪ್ರಶ್ನೆ ನಂಗ ಪಿಜಿ ಪರೀಕ್ಷಾದಾಗೂ ಯಾರೂ ಕೇಳಿರ್ಲಿಲ್ಲ. ಅವರ ಎದುರು ಕುಂತು ಹೇಳ್ದೆ.

ಒಬ್ಬ ಮನುಷ್ಯಾ ದಿನಕ್ಕ 10,000 ಲೀಟರಿಗಿಂತ ಹೆಚ್ಚು ಗಾಳಿ ಎಳ್ಕೋತಾನ, ಅದರ ಜೋಡಿ ಧೂಳು, ಬೂಸ್ಟಿನ ಬೀಜ, ಹೂವಿನ ಪುಡಿ ಎಲ್ಲಾ ಒಳಗ. ಗಾಳಿ ರಕ್ತಕ್ಕ ಸೇರೋ ಜಾಗದಾಗ ಗ್ವಾಡಿ ಎಷ್ಟ ತೆಳ್ಳಗ ಅಂದ್ರ ಒಂದು ಮಿಲಿಮೀಟರಿನ ಸಾವಿರದಾಗ ಒಂದು ಪಾಲೂ ಇರಲ್ಲ. ಅಲ್ಲಿ ಪ್ರತಿಯೊಂದು ಧೂಳಿನ ಜೋಡಿ ಜಗಳ ತೆಗೆದ್ರ ಬಾವು ಬಂದು ನೀರು ತುಂಬ್ತದ, ಉಸುರೇ ನಿಲ್ತದ. ಅದಕ್ಕ ಶ್ವಾಸಕೋಶದೊಳಗ ಮೊದಲ ಹುಕುಂ ಸುಮ್ನಿರು ಅಂತಾನೇ. ಗಾಳಿಗೂಡಿನಾಗ ಇರೋ ಮ್ಯಾಕ್ರೋಫೇಜ್ ಬಂದದ್ದನ್ನ ಸದ್ದಿಲ್ದಂಗ ನುಂಗತದ, ಸುತ್ತಲಿನ ಜೀವಕೋಶ ಟಿಜಿಎಫ್-ಬೀಟಾ, ಸರ್ಫ್ಯಾಕ್ಟೆಂಟ್ ಪ್ರೋಟೀನಿನಂಥ ಸಂದೇಶದ ವಸ್ತುಗಳಿಂದ ಅದಕ್ಕ ತಣ್ಣಗಿರು ಅಂತ ಹೇಳ್ತಾನೇ ಇರ್ತಾವ. ಅಷ್ಟೇ ಅಲ್ಲ, ಡೆಂಡ್ರಿಟಿಕ್ ಅನ್ನೋ ಕಾವಲು ಕೋಶ ಆ ಧೂಳಿನ ಚೂರು ಹೊತ್ಕೊಂಡು ಎದಿ ನಡುವಿನ ಲಿಂಫ್ ಗಂಟಿಗಿ ಹೋಗತದ, ಅಲ್ಲಿ ರೆಗ್ಯುಲೇಟರಿ ಟಿ ಕೋಶ ತಯಾರಾಗ್ತಾವ, ಇದು ನಮ್ಮ ವೈರಿ ಅಲ್ಲ ಬಿಡ್ರಿ ಅಂತ ಉಳಿದವನ್ನ ತಡೆಯೋವು. ಈ ಕೋಶಗಳ ಗುಟ್ಟು ಬಿಡಿಸಿದ್ದಕ್ಕೇ 2025ರ ವೈದ್ಯಕೀಯ ನೊಬೆಲ್ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್, ಶಿಮೊನ್ ಸಕಾಗುಚಿ ಅವರಿಗಿ ಸಿಕ್ತು, ಆ ಸುದ್ದಿ ಓದಿದಾಗ ನಂಗ ಈ ಕಾಕಾನೇ ನೆನಪಾದ್ರು.

"ನಿಮ್ಮ ಮಗನ ಎದಿ ಇನ್ನಾ ಸುಮ್ನದ, ನಿಮ್ದು ಸುಮ್ನಿರೋದು ಬಿಟ್ಟದ" ಅಂದೆ. ಕಬೂತರ ಸಾಕೋ ಆರಾಮಿದ್ದ ಮಂದಿ ರಕ್ತದಾಗೂ ಭಾಳ ಸಲ ಅದರ ವಿರುದ್ಧ ಆಂಟಿಬಾಡಿ ಸಿಗತದ, ರೋಗ ಇರಲ್ಲ. ಅದಕ್ಕ ಬರೀ ಆ ಒಂದು ರಿಪೋರ್ಟ್ ನೋಡಿ ಯಾರಿಗೂ ರೋಗ ಅದ ಅನ್ನಬಾರ್ದು, ಇದನ್ನ ನಾ ಜೂನಿಯರ್‌ಗಳಿಗೆ ಒತ್ತಿ ಹೇಳ್ತೀನಿ.

ಸ್ಟಿರಾಯ್ಡ್ ಗುಳಿಗಿ ಸ್ವಲ್ಪ ದಿನ ಕೊಟ್ಟು ನಿಧಾನಕ್ಕ ಇಳಿಸಿದೆ, ಆದ್ರ ಖರೇ ಔಷಧಿ ಕಬೂತರ ದೂರ ಮಾಡೋದು. ಮೂವತ್ತು ವರ್ಷದಿಂದ ಸಾಕ್ಯಾರ, ಹೆಸರಿಟ್ಟು ಕರೀತಿದ್ರು, ಕೊಟ್ಟ ದಿನ ಅತ್ತಾರಂತ ಹೆಂಡ್ತಿ ಹೇಳಿದ್ರು. ಪಕ್ಷಿ ಹೋದ್ರೂ ಪುಕ್ಕದ ಪುಡಿ, ಹಿಕ್ಕಿ ಧೂಳು ತಿಂಗಳಾನುಗಟ್ಲೆ ಮನ್ಯಾಗ ಉಳೀತದ, ಅದಕ್ಕ ಮಾಳಗಿ ಕಸಬರಗಿಲೇ ಹೊಡೀಬ್ಯಾಡ್ರಿ, ನೀರ ಹಾಕಿ ತೊಳೀರಿ, ಕೆಲಸ ಮುಗಿಯೋ ತನಕ ಕಾಕಾ ಮಗಳ ಮನ್ಯಾಗ ಇರ್ಲಿ ಅಂದೆ. ಎರಡು ತಿಂಗಳಿಗೆ ರಕ್ತದಾಗಿನ ಆಕ್ಸಿಜನ್ ಶೇಕಡಾ 88ರಿಂದ 95ಕ್ಕ ಬಂತು.

ಅಲ್ಲಿಂದ ನಾ ಕೇಳೋ ಕ್ರಮಾನೇ ಬದಲಾತು. ಜ್ವರ ಎಷ್ಟು ದಿನ ಅಂತ ಕೇಳೋದ್ರ ಜೋಡಿನೇ ಕೇಳ್ತೀನಿ, ಮನ್ಯಾಗ ಪಕ್ಷಿ ಅದಾವೇನು, ಕಣಕಿ ಒಟ್ಟೀರೇನು, ಅದಕ್ಕ ಮಳಿ ನೀರ ಹತ್ತೇದೇನು, ರಜಾಕ್ಕ ಊರ ಬಿಟ್ರ ಕಡಿಮಿ ಆಗತದೇನು. ಬ್ಯಾಸಿಗ್ಯಾಗ ಕೂಲರ್ ಬಗ್ಗೆ ತಪ್ಪದ ಕೇಳ್ತೀನಿ, ಯಾಕಂದ್ರ 43 ಡಿಗ್ರಿ ಬಿಸಿಲಿನ ಊರಾಗ ಎಲ್ಲಾರ ಮನ್ಯಾಗೂ ಕೂಲರ್ ಅದ, ಹೋದ ವರ್ಷದ ಹಸಿ ಹುಲ್ಲ ಹಂಗೇ ಬಿಟ್ರ ಬೂಸ್ಟ ಹಿಡೀತದ, ಅದೇ ಗಾಳಿ ರಾತ್ರಿಪೂರ್ತಿ ಮಕಕ್ಕ ಬಡೀತದ.

ಕಾಕಾ ಮೂರು ತಿಂಗಳಿಗೊಮ್ಮೆ ಬಂದು ಮಷಿನ್ ಊದಿ ಹೋಗ್ತಾರ. ಎರಡೂ ಕಡಿ ಕೆಳಗ ಒಂದೀಟು ಗಾಯದ ಕಲೆ ಉಳದದ, ಅದು ಇನ್ನ ಹೋಗಲ್ಲ. ಮೊದಲನೇ ಅಡ್ಮಿಷನ್ನಿನಾಗೇ ಮಾಳಗಿ ಬಗ್ಗೆ ಕೇಳಿದ್ರ ಅಷ್ಟೂ ಇರ್ತಿದ್ದಿಲ್ಲೇನೋ.