ಕೊನೆಯ ಕಂತು ಮುಗಿದ ಮೇಲೆ ನಮ್ಮ ಜಗಲಿಯ ಜಗಳ

ಮೊದಲೇ ಹೇಳಿಬಿಡುತ್ತೇನೆ. ‘ಟ್ರೂ ಡಿಟೆಕ್ಟಿವ್: ನೈಟ್ ಕಂಟ್ರಿ’ ಅನ್ನುವ ಇಂಗ್ಲಿಷ್ ಪತ್ತೇದಾರಿ ಸರಣಿ ನೋಡಬೇಕು ಅಂತಿರುವವರು ಇಲ್ಲಿಗೇ ನಿಲ್ಲಿಸಿ. ಕೊನೆಯ ಗುಟ್ಟೆಲ್ಲ ಮುಂದೆ ಇದೆ.

ನಮ್ಮದು ಮೂಡಿಗೆರೆ ಕಡೆ. ಜುಲೈ ಮಳೆಯಲ್ಲಿ ಸಂಜೆ ಐದಕ್ಕೇ ಲೈಟ್ ಹಾಕಬೇಕು. ಅಲಾಸ್ಕಾದ ಎನ್ನಿಸ್ ಅನ್ನುವ ಕಲ್ಪನೆಯ ಊರು, ದಿನಗಟ್ಟಲೆ ಸೂರ್ಯನೇ ಹುಟ್ಟದ ಚಳಿಗಾಲ. ಅಂಥ ಕಥೆ ನೋಡಲು ಇದಕ್ಕಿಂತ ಒಳ್ಳೆ ಕಾಲ ಸಿಗಲ್ಲ ಅನ್ನಿಸಿತು. 2024ರಲ್ಲಿ ಬಂದದ್ದು, ಆರೇ ಕಂತು. ಮಳೆ ಜೋರಾದರೆ ನಮ್ಮಲ್ಲಿ ನೆಟ್‌ವರ್ಕ್ ಇರಲ್ಲ. ಪೇಟೆಗೆ ಹೋದಾಗಲೇ ಡೌನ್‌ಲೋಡ್ ಮಾಡಿಕೊಂಡು ಬರುತ್ತಿದ್ದೆ.

ನೋಡುವವರು ಐದು ಜನ. ನಾನು, ಅತ್ತೆ, ನಾದಿನಿಯ ಮಗ, ಪಕ್ಕದ ಎಸ್ಟೇಟಿನ ರೈಟರ್, ಮತ್ತೆ ರಿಟೈರ್ ಆದ ನಮ್ಮ ದಫೇದಾರ್ರು. ಅತ್ತೆಗೆ ಇಂಗ್ಲಿಷ್ ಬಾರದು. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಮೊದಲ ತಪ್ಪು ಅಲ್ಲೇ ಆಯಿತು.

ಮೊದಲ ಕಂತಿನಲ್ಲಿ ಆ ಊರಿನ ಸಂಶೋಧನಾ ಕೇಂದ್ರದ ಒಬ್ಬ ವಿಜ್ಞಾನಿ ಗಡಗಡ ನಡುಗುತ್ತಾ, ಅವಳಿಗೆ ಎಚ್ಚರ ಆಗಿದೆ ಅನ್ನುವ ಅರ್ಥದ ಮಾತು ಹೇಳುತ್ತಾನೆ. ಅವಸರದಲ್ಲಿ ನಾನು ‘ಅವಳು ಎದ್ದು ಬಂದಳಂತೆ’ ಅಂದುಬಿಟ್ಟೆ. ಅತ್ತೆ ಕೈಯಲ್ಲಿದ್ದ ಹಲಸಿನ ಬೀಜ ಕೆಳಗಿಟ್ಟರು. “ಸತ್ತೋಳು ಎದ್ದು ಬಂದ್ಲಾ? ಹಂಗಾದ್ರೆ ಅವನಿಗೆ ಮೈಮೇಲೆ ಬಂದಿದೆ, ಬಿಡು.” ಆಮೇಲಿನ ಐದೂ ಕಂತನ್ನು ಅವರು ಇದೇ ಲೆಕ್ಕದಲ್ಲಿ ನೋಡಿದರು. ದೆವ್ವ ಇದೆಯೋ ಇಲ್ಲವೋ ಅಂತ ಬರೆದವರು ಬೇಕಂತಲೇ ಹೇಳದೆ ಬಿಟ್ಟಿದ್ದರು. ಒಂದು ಕ್ರಿಯಾಪದದಲ್ಲಿ ನಾನು ತೀರ್ಪು ಕೊಟ್ಟಿದ್ದೆ!

ಕೊನೆಯ ಕಂತಿನ ದಿನ ಜಗಳವೇ ಆಯಿತು. ನಾದಿನಿಯ ಮಗ ‘ಟ್ರೂ ಡಿಟೆಕ್ಟಿವ್’ನ ಮೊದಲ ಸೀಸನ್ನಿನಲ್ಲೂ ಇದ್ದ ಸುರುಳಿ ಗುರುತು, ಐಸ್‌ಲ್ಯಾಂಡಿನ ಶೂಟಿಂಗ್ ಅಂತ ಶುರು ಮಾಡಿದ. ರೈಟರ್ ಅವನ ಮಾತು ಕಡಿದರು. ದಫೇದಾರ್ರು ಇಬ್ಬರ ಮೇಲೂ ರೇಗಿದರು. ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ.

ಮುಂದಿನ ಭಾನುವಾರ ಕೊನೆಯ ಅರ್ಧ ಗಂಟೆ ಮಾತ್ರ ಮತ್ತೆ ಹಾಕಿದೆ. ಹಳೆ ಕ್ಯಾಲೆಂಡರಿನ ಹಾಳೆ ಹರಿದು ಎಲ್ಲರಿಗೂ ಒಂದೊಂದು ಕೊಟ್ಟೆ. ನಡುವೆ ಗೆರೆ. ಎಡಕ್ಕೆ ‘ಕಣ್ಣಿಗೆ ಕಂಡದ್ದು’, ಬಲಕ್ಕೆ ‘ನಾವು ಅಂದುಕೊಂಡದ್ದು’. ಬರೆದು ಮುಗಿಯುವವರೆಗೆ ಬಾಯಿ ಬಿಡುವಂತಿಲ್ಲ. ಮೇಷ್ಟ್ರಗಿರಿ ಅಂತ ರೈಟರ್ ಗೊಣಗಿದರು. ಇರಲಿ, ನಾನು ಟೀಚರೇ ಅಲ್ವಾ.

ಇದರಿಂದ ಒಂದು ಗಂಟು ಬೇಗ ಬಿಚ್ಚಿತು. ಆರು ವರ್ಷದ ಹಿಂದೆ ಕೊಲೆಯಾದ ಆ್ಯನಿ ಅನ್ನುವವಳ ನಾಲಿಗೆ, ಆ ವಿಜ್ಞಾನಿಗಳ ಸಂಶೋಧನಾ ಕೇಂದ್ರದ ನೆಲದ ಮೇಲೆ ಸಿಗುತ್ತದೆ. ಯಾರು ಇಟ್ಟರು? ನಮ್ಮಲ್ಲಿ ಮೂವರು, ಕೇಂದ್ರ ಗುಡಿಸಿ ಒರೆಸುತ್ತಿದ್ದ ಹೆಂಗಸರು ಅಂದಿದ್ದರು. ಬರೆಯಲು ಕೂತಾಗ ಮೂವರದ್ದೂ ಬಲಗಡೆಗೇ ಹೋಯಿತು. ಆ ಹೆಂಗಸರೇ ನಾಲಿಗೆಯ ಸಂಗತಿ ನಮಗೆ ಗೊತ್ತಿಲ್ಲ ಅನ್ನುತ್ತಾರೆ. ಸರಣಿ ಅದಕ್ಕೆ ಉತ್ತರ ಕೊಡುವುದೇ ಇಲ್ಲ.

ಹೆಚ್ಚು ಹೊತ್ತು ಹಿಡಿದದ್ದು ಆ ಹೆಂಗಸರ ವಿಷಯ. ಆ್ಯನಿಯನ್ನು ಕೊಂದದ್ದು ವಿಜ್ಞಾನಿಗಳೇ ಅಂತ ಗೊತ್ತಾದ ಮೇಲೆ, ಬಂದೂಕು ತೋರಿಸಿ ಅವರ ಬಟ್ಟೆ ಬಿಚ್ಚಿಸಿ ಹಿಮಕ್ಕೆ ಓಡಿಸುತ್ತಾರೆ. ಮೊದಲ ಕಂತಿನ ಆ ‘ಅವಳಿಗೆ’ ಬೇಕಿದ್ದರೆ ಇವರನ್ನು ತಗೊಳ್ಳಲಿ, ಬೇಡ ಅಂದರೆ ಬಟ್ಟೆ ಹಾಕಿಕೊಂಡು ವಾಪಸ್ ಬರಲಿ ಅನ್ನುವುದು ಅವರ ಲೆಕ್ಕ. ಪೊಲೀಸ್ ಅಧಿಕಾರಿ ಡ್ಯಾನ್ವರ್ಸ್, ಅಂದರೆ ನಟಿ ಜೋಡಿ ಫಾಸ್ಟರ್, ಎಲ್ಲ ಕೇಳಿಯೂ ಕೇಸು ಹಾಕುವುದಿಲ್ಲ. ಕಡತದಲ್ಲಿ ಉಳಿಯುವುದು ವಿಜ್ಞಾನಿಗಳು ಹಿಮಕುಸಿತದಲ್ಲಿ ಸತ್ತರು ಅಂತ.

ದಫೇದಾರ್ರಿಗೆ ಇದನ್ನು ತಡೆಯಲಾಗಲಿಲ್ಲ. “ಇಷ್ಟು ಹೆಣ ಬಿದ್ದಿದೆ, ಯುಡಿಆರ್, ಅಂದ್ರೆ ಅಸಹಜ ಸಾವು ಅಂತ ಬರೆದು ಕೈ ತೊಳ್ಕೊಂಡ್ಳಲ್ಲ! ಬಂದೂಕು ಹಿಡಿದಿದ್ದು ಮನುಷ್ಯರು. ದೆವ್ವದ ಮೇಲೆ ಯಾಕೆ ಹಾಕ್ತೀರಿ?”

ಅತ್ತೆ ಮೆಲ್ಲಗೆ ಅಂದರು, “ದಫೇದಾರ್ರೇ, ನಿಮ್ಮ ಸ್ಟೇಷನ್ನಲ್ಲಿ ಕೇಳೋರಿಲ್ಲ ಅಂದಾಗ ನಮ್ಮೋರು ಚೌಡಿ ಬನಕ್ಕೆ ಹೋಗಿ ಹೇಳ್ಕೊಂಡು ಬರಲ್ವಾ? ನಾವು ಹೇಳಿದೀವಿ, ಇನ್ನು ನೀನು ನೋಡ್ಕೋ ಅಂತ. ಅವರೂ ಅಷ್ಟೇ ಮಾಡಿದ್ದು.”

“ನಾವು ಬಂದೂಕು ತಗೊಂಡು ಬನಕ್ಕೆ ಹೋಗಲ್ವಲ್ಲ ಅಮ್ಮಾ” ಅಂದರು ದಫೇದಾರ್ರು. ಅತ್ತೆ ಸುಮ್ಮನಾದರು. ನನ್ನ ಮಟ್ಟಿಗೆ ಆವತ್ತಿನ ಒಳ್ಳೆಯ ಮಾತು ಇವೆರಡೇ. ಕಾಫಿ ಆರಿ ತಣ್ಣಗಾಗಿತ್ತು.

ಉಳಿದದ್ದು ನವಾರೊ. ಇನ್ನೊಬ್ಬ ಪೊಲೀಸ್ ಹೆಂಗಸು. ಹಗಲು ಮರಳಿದ ಮೇಲೆ ಒಬ್ಬಳೇ ಹಿಮದ ಮೇಲೆ ನಡೆದು ಹೋಗುತ್ತಾಳೆ. ಆಮೇಲೂ ಅಲ್ಲಿ ಇಲ್ಲಿ ಅವಳನ್ನು ಕಂಡವರಿದ್ದಾರಂತೆ ಅನ್ನುವ ಮಾತು ಬರುತ್ತದೆ. ಕಟ್ಟಕಡೆಗೆ ಡ್ಯಾನ್ವರ್ಸ್ ಪಕ್ಕದಲ್ಲೇ ಜಗಲಿಯಲ್ಲಿ ಕಾಣಿಸುತ್ತಾಳೆ. ಬದುಕಿದ್ದಾಳೋ, ಇಲ್ಲವೋ? ರೈಟರ್ ಬದುಕಿದ್ದಾಳೆ ಅಂದರು. ನಾದಿನಿಯ ಮಗ ಸತ್ತಿದ್ದಾಳೆ ಅಂದ, ಅವಳ ತಂಗಿಯೂ ಹಿಮಕ್ಕೇ ನಡೆದು ಸತ್ತವಳು ಅನ್ನುವ ಆಧಾರ ಅವನದು. ದಫೇದಾರ್ರು ಹೆಣ ಸಿಕ್ಕಿಲ್ಲ, ಹಾಗಾಗಿ ‘ಕಾಣೆ’ ಅಂತ ಬರೆದು ಸಹಿ ಬೇರೆ ಹಾಕಿದರು.

ಅತ್ತೆ ಕೇಳಿದರು, “ಪಾದ ನೋಡಿದ್ರಾ? ಮುಂದಕ್ಕಿತ್ತಾ, ಹಿಂದಕ್ಕಾ?”

ನಗು ತಡೆಯಲಾಗಲಿಲ್ಲ. ಆದರೆ ನಿಜ, ನಾವ್ಯಾರೂ ಪಾದದ ಕಡೆ ನೋಡಿರಲಿಲ್ಲ. ಮತ್ತೆ ಹಾಕೋಣ ಅಂತ ರಿಮೋಟ್ ತೆಗೆದುಕೊಂಡೆ. ಕರೆಂಟ್ ಹೋಯಿತು.

ಕತ್ತಲಲ್ಲೇ ಅತ್ತೆಯ ಹಾಳೆ ಕೇಳಿದೆ. “ನಂಗೆ ಬರೆಯಕ್ಕೆ ಕನ್ನಡಕ ಇಲ್ಲ ಕಣೇ. ಅವಳು ಬಂದಿದ್ಲು ಅಂತ ಎರಡೂ ಕಡೆ ನೀನೇ ಬರ್ಕೋ” ಅಂದರು.